ತ್ಲಾಸ್ಕಾಲದ ಲೆಕ್ಕಾಚಾರ: ಅಜ್ಟೆಕ್ ರಾಜಧಾನಿ ಬಿದ್ದದ್ದು ಯಾರ ಕೈಯಲ್ಲಿ?

ಐನೂರು ಜನ ಸ್ಪೇನಿನವರು ಬಂದರು, ಒಂದು ಸಾಮ್ರಾಜ್ಯವನ್ನೇ ಉರುಳಿಸಿದರು. ಅಜ್ಟೆಕ್ ಜನರ ಕತೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವುದು ಹೆಚ್ಚುಕಡಿಮೆ ಇಷ್ಟೇ. ಒಂದು ಕಡೆ ಕುದುರೆ, ಫಿರಂಗಿ, ಉಕ್ಕಿನ ಕತ್ತಿ, ಸಿಡುಬು. ಇನ್ನೊಂದು ಕಡೆ ಬಂದವರನ್ನು ದೇವರೆಂದು ನಂಬಿ ಕೂತ ರಾಜ. ಕೇಳೋಕೆ ಚೆನ್ನಾಗಿದೆ. ಆದರೆ 1521ರಲ್ಲಿ ರಾಜಧಾನಿ ತೆನೊಚ್‌ತಿತ್ಲಾನ್‌ಗೆ ಮುತ್ತಿಗೆ ಹಾಕಿದ ಸೈನ್ಯದ ತಲೆ ಎಣಿಸಿ ನೋಡಿ. ಸ್ಪೇನಿನವರು ಸಾವಿರದ ಒಳಗೆ. ಅವರ ಜೊತೆ ನಿಂತ ಸ್ಥಳೀಯ ಯೋಧರು ಹತ್ತಾರು ಸಾವಿರ. ಹೊರೆ ಹೊತ್ತವರು, ಕಾಲುವೆ ತೋಡಿದವರು, ಜೋಳ ಬೆಳೆದು ಕಳಿಸಿದವರು ಬೇರೆ.

ಈ ಸ್ಥಳೀಯರಲ್ಲಿ ಮೊದಲ ಸಾಲಿನಲ್ಲಿ ನಿಂತವರು ತ್ಲಾಸ್ಕಾಲದವರು. ಮೆಕ್ಸಿಕೊದಲ್ಲಿ ಅವರಿಗೆ ಇವತ್ತಿಗೂ ‘ದ್ರೋಹಿಗಳು’ ಎಂಬ ಹೆಸರಿದೆ. ಅವರು ನಿಜಕ್ಕೂ ಏನು ಮಾಡಿದರು, ಯಾಕೆ ಮಾಡಿದರು, ಅದರಿಂದ ಅವರಿಗೆ ಸಿಕ್ಕಿದ್ದೇನು? ಈ ಒಂದೇ ಪ್ರಕರಣವನ್ನು ಹಿಡಿದು ನೋಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತ್ಲಾಸ್ಕಾಲದವರು ಮೋಸ ಹೋದ ಮುಗ್ಧರೂ ಅಲ್ಲ, ದ್ರೋಹ ಮಾಡಿದವರೂ ಅಲ್ಲ. ಅವರ ಮೇಲಿನ ಆರೋಪಕ್ಕೆ ಬೇಕಾದ ಸಾಕ್ಷ್ಯವನ್ನು ಜಾಸ್ತಿ ಒದಗಿಸಿದವರು ಮಾತ್ರ ಸ್ವತಃ ಅವರೇ.

ಉಪ್ಪಿಲ್ಲದ ನಾಡು

ಇವತ್ತಿನ ಮೆಕ್ಸಿಕೊ ಸಿಟಿಯ ಪೂರ್ವಕ್ಕೆ, ಜ್ವಾಲಾಮುಖಿ ಪರ್ವತಗಳನ್ನು ದಾಟಿದರೆ ತ್ಲಾಸ್ಕಾಲ ಸಿಗುತ್ತದೆ. 1519ರಲ್ಲಿ ಇದು ಒಬ್ಬ ರಾಜನ ರಾಜ್ಯ ಆಗಿರಲಿಲ್ಲ. ತಿಸಾತ್ಲಾನ್, ಒಕೊತೆಲೂಲ್ಕೊ, ತೆಪೆತಿಕ್ಪಾಕ್, ಕಿಯಾವಿಸ್ತ್ಲಾನ್ ಎಂಬ ನಾಲ್ಕು ಮುಖ್ಯ ಸಂಸ್ಥಾನಗಳು ಒಟ್ಟಾಗಿ ಕೂತು ತೀರ್ಮಾನ ಮಾಡುತ್ತಿದ್ದವು. ತಿಸಾತ್ಲಾನ್‌ನ ಒಡೆಯ ಹಿರಿಯ ಶಿಕೊತೆನ್‌ಕಾತ್ಲ್, ವಯಸ್ಸಾದವನು. ಒಕೊತೆಲೂಲ್ಕೊದ ಒಡೆಯ ಮಶಿಶ್ಕಾತ್ಸಿನ್. ಇವರಿಬ್ಬರ ಮಾತಿಗೆ ತೂಕ ಜಾಸ್ತಿ. ಇಲ್ಲಿಗೆ ಬಂದ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ತೆಸ್ ತನ್ನ ರಾಜನಿಗೆ ಪತ್ರ ಬರೆದಾಗ ಈ ಆಡಳಿತವನ್ನು ಇಟಲಿಯ ವೆನಿಸ್, ಜೆನೊವಾ ನಗರಗಳ ಆಡಳಿತಕ್ಕೆ ಹೋಲಿಸಿದ. ಊರು ಗ್ರಾನಡಾಕ್ಕಿಂತ ದೊಡ್ಡದು, ಸಂತೆಗೆ ದಿನಾ ಮೂವತ್ತು ಸಾವಿರ ಜನ ಸೇರುತ್ತಾರೆ ಎಂದೂ ಬರೆದ. ಸ್ವಲ್ಪ ಉಬ್ಬಿಸಿರಬಹುದು ಅನ್ನಿ. ಪತ್ರ ಹೋಗುತ್ತಿದ್ದುದು ರಾಜನಿಗೆ, ಅಲ್ವಾ?

ತ್ಲಾಸ್ಕಾಲದವರ ಭಾಷೆ ನಾವಾತ್ಲ್. ತೆನೊಚ್‌ತಿತ್ಲಾನ್‌ನವರದೂ ಅದೇ. ಮುಖ್ಯ ದೇವರ ಹೆಸರು ಬೇರೆ, ಪೂಜೆಯ ರೀತಿ ಒಂದೇ. ನರಬಲಿ ಎರಡೂ ಕಡೆ ಇತ್ತು. ಹಾಗಾಗಿ ‘ಕ್ರೂರಿ ಅಜ್ಟೆಕ್, ಸೌಮ್ಯ ತ್ಲಾಸ್ಕಾಲ’ ಎಂದು ಕತೆ ಕಟ್ಟಲು ಬರುವುದಿಲ್ಲ. ಇಬ್ಬರ ನಡುವೆ ಇದ್ದದ್ದು ದಾಯಾದಿ ಜಗಳ.

ನಾವು ಅಜ್ಟೆಕ್ ಎನ್ನುವವರು ತಮ್ಮನ್ನು ಮೆಶಿಕ ಎಂದು ಕರೆದುಕೊಳ್ಳುತ್ತಿದ್ದರು. 1428ರಲ್ಲಿ ಅವರ ತೆನೊಚ್‌ತಿತ್ಲಾನ್, ಪಕ್ಕದ ತೆಸ್ಕೊಕೊ, ತ್ಲಾಕೋಪಾನ್ ಎಂಬ ಮೂರು ನಗರಗಳು ಒಂದು ಕೂಟ ಕಟ್ಟಿದವು. ಮುಂದಿನ ತೊಂಬತ್ತು ವರ್ಷಗಳಲ್ಲಿ ಈ ಕೂಟ ಒಂದೊಂದೇ ಊರನ್ನು ಗೆದ್ದು ಕಪ್ಪ ವಸೂಲಿಗೆ ಇಳಿಯಿತು. ಬಟ್ಟೆ, ಕೋಕೊ ಬೀಜ, ಗರಿ, ಜೋಳ, ಮೆಣಸಿನಕಾಯಿ ಎಲ್ಲವೂ ಸರೋವರದ ನಡುವಿನ ಆ ದ್ವೀಪನಗರಕ್ಕೆ ಹರಿದುಬಂದವು. (ಇಲ್ಲಿ ಜೋಳ ಎಂದರೆ ಮೆಕ್ಕೆಜೋಳ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಟೊಮೆಟೊ, ಮೆಕ್ಕೆಜೋಳ ಮೂರೂ ಆ ಕಡೆಯಿಂದಲೇ ಸಮುದ್ರ ದಾಟಿ ಬಂದವು.) ತ್ಲಾಸ್ಕಾಲವನ್ನು ಮಾತ್ರ ಅವರು ಗೆಲ್ಲಲಿಲ್ಲ. ಸುತ್ತಲಿನ ಬಹಳಷ್ಟು ಊರುಗಳನ್ನು ಗೆದ್ದು ದಾರಿ ಕಟ್ಟಿದರು. ಬೆಟ್ಟದ ನಾಡಿಗೆ ಉಪ್ಪು ಬರಲಿಲ್ಲ, ಹತ್ತಿ ಬರಲಿಲ್ಲ, ಕೋಕೊ ಬರಲಿಲ್ಲ. ತಲೆಮಾರುಗಳ ಕಾಲ ಜನ ಉಪ್ಪಿಲ್ಲದ ಊಟ ಮಾಡಿದರು, ಕತ್ತಾಳೆ ನಾರಿನ ಬಟ್ಟೆ ಉಟ್ಟರು.

ಗೆಲ್ಲಲಾಗಲಿಲ್ಲವೋ, ಬೇಕೆಂದೇ ಬಿಟ್ಟರೋ? ಮೆಶಿಕ ದೊರೆ ಮೊಕ್ತೆಸುಮ ಇದಕ್ಕೆ ಕೊಟ್ಟ ಉತ್ತರವನ್ನು ಕೊರ್ತೆಸ್‌ನ ಜೊತೆಗಾರ ಆಂದ್ರೆಸ್ ದೆ ತಾಪಿಯಾ ಬರೆದಿಟ್ಟಿದ್ದಾನೆ. ನಮ್ಮ ಹುಡುಗರಿಗೆ ಯುದ್ಧದ ಅಭ್ಯಾಸ ಆಗಲಿ, ಬಲಿಗೆ ಸೆರೆಯಾಳುಗಳು ಸಿಗುತ್ತಿರಲಿ ಎಂದು ಸುಮ್ನೆ ಬಿಟ್ಟಿದ್ದೇವೆ, ಎಂಬರ್ಥದ ಮಾತು. ಗೆಲ್ಲಲಾಗದವರು ಹೇಳುವ ಮಾತೂ ಹೀಗೇ ಇರುತ್ತದೆ. ಏನೇ ಇರಲಿ, ಉರುಳು ವರ್ಷ ವರ್ಷಕ್ಕೂ ಬಿಗಿಯಾಗುತ್ತಿತ್ತು. ಒಂದು ಕಾಲಕ್ಕೆ ಜೊತೆಗಿದ್ದ ಪಕ್ಕದ ಚೊಲೂಲ ನಗರವೂ ಸ್ವಲ್ಪ ಹಿಂದೆ ಮೆಶಿಕರ ಕಡೆ ವಾಲಿತ್ತು. ಕೊರ್ತೆಸ್ ಬಂದದ್ದು ಇಂಥ ಹೊತ್ತಿನಲ್ಲಿ.

ಮೊದಲು ಯುದ್ಧ, ಆಮೇಲೆ ಮಾತು

1519ರ ಏಪ್ರಿಲ್‌ನಲ್ಲಿ ಕೊರ್ತೆಸ್ ಇವತ್ತಿನ ವೆರಾಕ್ರೂಸ್ ಬಳಿ ಇಳಿದ. ಹನ್ನೊಂದು ಹಡಗು, ಸುಮಾರು ಐನೂರು ಸೈನಿಕರು, ಹದಿನಾರು ಕುದುರೆ. ಬರುವ ದಾರಿಯಲ್ಲಿ ಪೊತೊಂಚಾನ್ ಎಂಬಲ್ಲಿ ಸೋತವರು ಅವನಿಗೆ ಇಪ್ಪತ್ತು ಹೆಂಗಸರನ್ನು ಒಪ್ಪಿಸಿದ್ದರು. ಅವರಲ್ಲಿ ಒಬ್ಬಳು ಮಲಿಂತ್ಸಿನ್. ನಾವಾತ್ಲ್ ಅವಳ ಮನೆಮಾತು. ಗುಲಾಮಳಾಗಿ ಮಾರಿಹೋಗಿ ಮಾಯಾ ಭಾಷೆಯನ್ನೂ ಕಲಿತಿದ್ದಳು. ಹಿಂದೆ ಹಡಗು ಒಡೆದು ಮಾಯಾ ಜನರ ನಡುವೆ ವರ್ಷಗಟ್ಟಲೆ ಬದುಕಿದ್ದ ಅಗಿಲಾರ್ ಎಂಬ ಸ್ಪೇನಿನವನೂ ಕೊರ್ತೆಸ್ ಬಳಿ ಇದ್ದ. ಅವಳು ನಾವಾತ್ಲ್‌ನಿಂದ ಮಾಯಾಗೆ, ಅವನು ಮಾಯಾದಿಂದ ಸ್ಪ್ಯಾನಿಷ್‌ಗೆ. ಸ್ವಲ್ಪ ದಿನದಲ್ಲೇ ಅವಳು ಸ್ಪ್ಯಾನಿಷ್ ಕಲಿತಳು. ಅಗಿಲಾರ್‌ನ ಕೆಲಸ ಮುಗಿಯಿತು. ಮುಂದೆ ನಡೆದ ಎಲ್ಲ ಒಪ್ಪಂದ, ಬೆದರಿಕೆ, ಸಂಧಾನ ಈ ಹೆಂಗಸಿನ ನಾಲಿಗೆಯ ಮೇಲೆ ನಡೆದವು.

ತ್ಲಾಸ್ಕಾಲದವರು ಕೊರ್ತೆಸ್‌ನನ್ನು ಹಾರ ಹಾಕಿ ಬರಮಾಡಿಕೊಳ್ಳಲಿಲ್ಲ. ಬಹಳ ಮಂದಿ ಮರೆಯುವುದು ಇದನ್ನೇ. ಗಡಿಯಲ್ಲಿ ಕಾವಲಿಗಿದ್ದ ಒತೊಮಿ ಜನ ಮೊದಲು ಮೇಲೆ ಬಿದ್ದರು. ಆಮೇಲೆ ಹಿರಿಯ ಶಿಕೊತೆನ್‌ಕಾತ್ಲ್‌ನ ಮಗ, ಅಪ್ಪನ ಹೆಸರೇ ಇದ್ದ ಕಿರಿಯ ಶಿಕೊತೆನ್‌ಕಾತ್ಲ್, ದೊಡ್ಡ ಸೈನ್ಯ ತಂದ. ಸೆಪ್ಟೆಂಬರ್‌ನ ಮೊದಲ ವಾರಗಳಲ್ಲಿ ಒಂದರ ಹಿಂದೆ ಒಂದು ಕಾಳಗ. ಸ್ಪೇನಿನವರ ಕುದುರೆಗಳು ಸತ್ತವು, ಬಹಳ ಮಂದಿ ಗಾಯಗೊಂಡರು, ಊಟಕ್ಕೂ ಕಷ್ಟವಾಯಿತು. ವಾಪಸ್ ಸಮುದ್ರಕ್ಕೆ ಹೋಗೋಣ ಎಂಬ ಗೊಣಗಾಟ ಅವರ ಪಾಳೆಯದಲ್ಲೇ ಶುರುವಾಯಿತು. ಊಟ ತಂದವರ ವೇಷದಲ್ಲಿ ಬಂದ ಐವತ್ತು ಜನರನ್ನು ಬೇಹುಗಾರರೆಂದು ಹಿಡಿದು ಕೊರ್ತೆಸ್ ಅವರ ಕೈ ಕತ್ತರಿಸಿ ಕಳಿಸಿದ. ಇದನ್ನು ಅವನೇ ಬರೆದುಕೊಂಡಿದ್ದಾನೆ, ಯಾವ ಮುಜುಗರವೂ ಇಲ್ಲದೆ.

ಅತ್ತ ಸಭೆಯಲ್ಲಿ ಎರಡು ಪಕ್ಷ. ಬಂದವರನ್ನು ಸೇರಿಸಿಕೊಳ್ಳೋಣ ಎಂದ ಮಶಿಶ್ಕಾತ್ಸಿನ್. ಮುಗಿಸಿಬಿಡೋಣ ಎಂದ ಕಿರಿಯ ಶಿಕೊತೆನ್‌ಕಾತ್ಲ್. ಹಿರಿಯನದು ಬೇರೆಯೇ ಉಪಾಯ ಎನ್ನುತ್ತದೆ ಒಂದು ವೃತ್ತಾಂತ. ಒತೊಮಿಗಳನ್ನು ಮುಂದೆ ಬಿಟ್ಟು ಯುದ್ಧ ಮಾಡಿ ನೋಡೋಣ. ಗೆದ್ದರೆ ಒಳ್ಳೆಯದು. ಸೋತರೆ, ‘ಅವರು ನಮ್ಮ ಮಾತು ಕೇಳದೆ ಮಾಡಿದ್ದು’ ಎಂದು ಕೈ ತೊಳೆದುಕೊಳ್ಳೋಣ. ಹಾವು ಸಾಯಬೇಕು, ಕೋಲು ಮುರಿಯಬಾರದು. ಆ ಸಭೆಯಲ್ಲಿ ಹೀಗೇ ಮಾತಾಡಿದರೋ ಇಲ್ಲವೋ, ಕೊನೆಗೆ ಕೊರ್ತೆಸ್‌ಗೆ ಅವರು ಕೊಟ್ಟ ಸಮಜಾಯಿಷಿಯಂತೂ ಇದೇ: ತಪ್ಪು ಒತೊಮಿಗಳದ್ದು.

ಸೆಪ್ಟೆಂಬರ್ ಮುಗಿಯುವ ಮೊದಲೇ ಸಂಧಿಯಾಯಿತು. ಒಡೆಯರು ತಮ್ಮ ಹೆಣ್ಣುಮಕ್ಕಳನ್ನು ಸ್ಪೇನಿನ ನಾಯಕರಿಗೆ ಕೊಟ್ಟರು. ಹಿರಿಯ ಶಿಕೊತೆನ್‌ಕಾತ್ಲ್‌ನ ಮಗಳು ತೆಕುವೆಲ್ವಾತ್ಸಿನ್ ಪೆದ್ರೊ ದೆ ಅಲ್ವಾರಾದೊ ಪಾಲಾದಳು. ಕ್ರೈಸ್ತ ಹೆಸರು ಲೂಯಿಸಾ. ಇದನ್ನು ಶರಣಾಗತಿ ಎಂದು ಸ್ಪೇನಿನವರು ಓದಿದರು. ಆದರೆ ಆ ನಾಡಿನ ರಾಜಕೀಯದಲ್ಲಿ ಹೆಣ್ಣು ಕೊಡುವುದು ನೆಂಟಸ್ತನ. ಹುಟ್ಟುವ ಮೊಮ್ಮಕ್ಕಳ ಮೂಲಕ ಅವರ ಮನೆಯಲ್ಲಿ ನಮ್ಮ ಕಾಲೂರುವ ದಾರಿ. ಒಂದೇ ಮದುವೆಯನ್ನು ಎರಡು ಕಡೆಯವರು ಎರಡು ಥರ ಅರ್ಥ ಮಾಡಿಕೊಂಡರು. ಇಬ್ಬರಿಗೂ ಆಗ ಅದರಿಂದ ಅನುಕೂಲವೇ ಆಯಿತು.

ಮುಂದಿನ ತಿಂಗಳೇ ಅದರ ಫಲ ಕಂಡಿತು. ತೆನೊಚ್‌ತಿತ್ಲಾನ್‌ಗೆ ಹೋಗುವ ದಾರಿಯಲ್ಲಿ ಕೊರ್ತೆಸ್ ಚೊಲೂಲಕ್ಕೆ ಹೋದ. ಅಲ್ಲಿ ನಮ್ಮನ್ನು ಕೊಲ್ಲಲು ಸಂಚು ನಡೆದಿತ್ತು ಎಂದು ಹೇಳಿ ಅಂಗಳದಲ್ಲಿ ಸೇರಿದ್ದ ಜನರ ಮೇಲೆ ಬಿದ್ದ. ಎರಡು ಗಂಟೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು ಎಂಬುದು ಅವನದೇ ಲೆಕ್ಕ. ಸಂಚು ನಿಜವಾಗಿಯೂ ಇತ್ತೇ? ಇದರ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಆದರೆ ಲಾಭ ಯಾರಿಗೆ ಎಂದು ಕೇಳಿದರೆ ಉತ್ತರ ಸುಲಭ. ಪಕ್ಷ ಬದಲಿಸಿದ ಚೊಲೂಲಕ್ಕೆ ಪಾಠ ಕಲಿಸಬೇಕೆಂದು ಕಾದಿದ್ದವರು ತ್ಲಾಸ್ಕಾಲದವರು. ಆ ಅಂಗಳದಲ್ಲಿ ಯಾರು ಯಾರನ್ನು ಬಳಸಿಕೊಂಡರು ಎಂದು ನನಗೆ ಸಲೀಸಾಗಿ ಹೇಳಲು ಬರುವುದಿಲ್ಲ.

ನಿಜವಾದ ತೀರ್ಮಾನ: 1520ರ ಜುಲೈ

ಇಲ್ಲಿಂದ ಎಂಟು ತಿಂಗಳು ಬೇಗ ದಾಟೋಣ. 1519ರ ನವೆಂಬರ್ 8ರಂದು ಕೊರ್ತೆಸ್ ಮತ್ತು ಮೊಕ್ತೆಸುಮ ಮುಖಾಮುಖಿಯಾದರು. ಕೊರ್ತೆಸ್ ದೊರೆಯನ್ನು ಒತ್ತೆಯಾಗಿ ಇಟ್ಟುಕೊಂಡ. ಕೊರ್ತೆಸ್‌ನನ್ನೇ ಹಿಡಿದು ತರಲು ಕ್ಯೂಬಾದ ಗವರ್ನರ್ ಕಳಿಸಿದ ನರ್ವಾಯೆಸ್‌ನ ಪಡೆ ಬಂತು. ಕೊರ್ತೆಸ್ ಅದನ್ನು ಎದುರಿಸಲು ಕರಾವಳಿಗೆ ಹೋದ. ಆಗ ನಗರದಲ್ಲಿ ಉಳಿದಿದ್ದ ಅಲ್ವಾರಾದೊ ತೋಶ್ಕಾತ್ಲ್ ಹಬ್ಬದಲ್ಲಿ ಕುಣಿಯುತ್ತಿದ್ದವರನ್ನು ಕೊಚ್ಚಿಹಾಕಿದ. ನಗರ ತಿರುಗಿಬಿತ್ತು. ಮೊಕ್ತೆಸುಮ ಸತ್ತ. ಜೂನ್ 30ರ ರಾತ್ರಿ ಸ್ಪೇನಿನವರು ಕದ್ದು ಓಡಿಹೋಗಲು ನೋಡಿ ಸಿಕ್ಕಿಬಿದ್ದರು. ನೂರಾರು ಸ್ಪೇನಿನವರು ಸರೋವರದ ದಾರಿಯಲ್ಲಿ ಸತ್ತರು. ಜೊತೆಗಿದ್ದ ತ್ಲಾಸ್ಕಾಲದವರು ಅದಕ್ಕಿಂತ ಜಾಸ್ತಿ ಸತ್ತರು.

ಉಳಿದವರು ಒತುಂಬದಲ್ಲಿ ಇನ್ನೊಂದು ಯುದ್ಧ ಮಾಡಿ, ಗಾಯಗೊಂಡು, ಹಸಿದು, ಫಿರಂಗಿ ಎಲ್ಲ ಕಳೆದುಕೊಂಡು ಜುಲೈನಲ್ಲಿ ತ್ಲಾಸ್ಕಾಲದ ಗಡಿ ಮುಟ್ಟಿದರು.

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದು. 1519ರಲ್ಲಿ ತ್ಲಾಸ್ಕಾಲಕ್ಕೆ ಸ್ಪೇನಿನವರು ಅಷ್ಟಾಗಿ ಗೊತ್ತಿರಲಿಲ್ಲ. ಈಗ ಚೆನ್ನಾಗಿ ಗೊತ್ತು. ಅವರು ಸಾಯುತ್ತಾರೆ, ಸೋಲುತ್ತಾರೆ, ಓಡುತ್ತಾರೆ. ದೇವರು ಗೀವರು ಏನೂ ಅಲ್ಲ. ಆ ವಾರ ತ್ಲಾಸ್ಕಾಲ ಮನಸ್ಸು ಮಾಡಿದ್ದರೆ ಒಂದು ಮಧ್ಯಾಹ್ನದಲ್ಲಿ ಕೊರ್ತೆಸ್‌ನ ಕತೆ ಮುಗಿಯುತ್ತಿತ್ತು.

ಅವರ ಮುಂದೆ ಇನ್ನೊಂದು ದಾರಿಯೂ ತೆರೆದಿತ್ತು. ಮೊಕ್ತೆಸುಮನ ನಂತರ ಪಟ್ಟಕ್ಕೆ ಬಂದ ಕ್ವಿತ್ಲಾವಾಕ್ ರಾಯಭಾರಿಗಳನ್ನು ಕಳಿಸಿದ. ಹಳೆಯದೆಲ್ಲ ಮರೆಯೋಣ, ಇವರನ್ನು ಮುಗಿಸಿ, ನಾವು ನೀವು ಒಂದಾಗೋಣ ಎಂಬ ಮಾತು. ಅವರು ತಂದ ಉಡುಗೊರೆಗಳಲ್ಲಿ ಉಪ್ಪೂ ಇತ್ತು ಎನ್ನುತ್ತದೆ ಒಂದು ವೃತ್ತಾಂತ. ಉಪ್ಪು ಕೊಡದೆ ಕಾಡಿದವರು ಈಗ ಉಪ್ಪು ಹಿಡಿದು ಬಂದರು. ಕಿರಿಯ ಶಿಕೊತೆನ್‌ಕಾತ್ಲ್ ಒಪ್ಪೋಣ ಎಂದ. ಮಶಿಶ್ಕಾತ್ಸಿನ್‌ಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆದು ಕಿರಿಯನನ್ನು ಮೆಟ್ಟಿಲಿನಿಂದ ಕೆಳಗೆ ತಳ್ಳಿದರು ಎಂಬ ಕತೆಯಿದೆ.

ಸಭೆ ಮೆಶಿಕರ ಮಾತು ಒಪ್ಪಲಿಲ್ಲ. ಯಾಕೆ? ಮೆಶಿಕರನ್ನು ನಂಬಿದರೆ ಸ್ಪೇನಿನವರು ಸತ್ತ ಮರುದಿನ ಮತ್ತೆ ಅದೇ ಮುತ್ತಿಗೆ, ಅದೇ ಉಪ್ಪಿಲ್ಲದ ಊಟ. ಈ ಭಯಕ್ಕೆ ತಲೆಮಾರುಗಳ ಅನುಭವದ ಆಧಾರ ಇತ್ತು. ಸ್ಪೇನಿನವರೋ ಕೈಬೆರಳೆಣಿಕೆಯ ಜನ, ಅನ್ನಕ್ಕೂ ತಮ್ಮನ್ನೇ ನೆಚ್ಚಿಕೊಂಡವರು. ಅಂಥವರಿಂದ ಏನು ಬೇಕಾದರೂ ಮಾತು ತೆಗೆದುಕೊಳ್ಳಬಹುದು. ಹಾಗೇ ಮಾಡಿದರು. 1560ರ ದಶಕದ ವಿಚಾರಣೆಯೊಂದರಲ್ಲಿ ತ್ಲಾಸ್ಕಾಲದ ಹಿರಿಯರು ಹೇಳಿದ ಸಾಕ್ಷಿಯ ಪ್ರಕಾರ ಅವರು ಕೇಳಿದ್ದು ಇವು: ಚೊಲೂಲ, ವೆಶೊತ್ಸಿಂಕೊ, ತೆಪೆಯಾಕಾಕ್ ಎಂಬ ಅಕ್ಕಪಕ್ಕದ ಊರುಗಳನ್ನು ನಮಗೆ ಬಿಡಬೇಕು. ಗೆದ್ದ ಸಂಪತ್ತಿನಲ್ಲಿ ಪಾಲು ಬೇಕು. ತೆನೊಚ್‌ತಿತ್ಲಾನ್‌ನಲ್ಲಿ ನಮ್ಮದೊಂದು ಕೋಟೆ ಬೇಕು. ನಾವು ಎಂದೆಂದಿಗೂ ಕಪ್ಪ ಕೊಡುವುದಿಲ್ಲ.

ಈ ಪಟ್ಟಿ ನೋಡಿ. ಹೆದರಿದವರ ಪಟ್ಟಿ ಇದಲ್ಲ. ಮುಂದಿನ ಸಾಮ್ರಾಜ್ಯ ನಮ್ಮದು, ಈ ಪರದೇಶಿಗಳು ನಮ್ಮ ಕೂಲಿ ಸೈನಿಕರು ಎಂದುಕೊಂಡವರ ಪಟ್ಟಿ. ಚೇತರಿಸಿಕೊಂಡ ಕೊರ್ತೆಸ್ ಆಗಸ್ಟ್‌ನಲ್ಲಿ ಮೊದಲು ದಾಳಿ ಮಾಡಿದ್ದು ಎಲ್ಲಿಗೆ ಗೊತ್ತಾ? ತೆಪೆಯಾಕಾಕ್‌ಗೆ.

ದೋಣಿಗಳು ಬೆಟ್ಟ ಹತ್ತಿದವು

ನಗರ ಸರೋವರದ ನಡುವೆ ಇತ್ತು. ಅದನ್ನು ಹಿಡಿಯಲು ದೋಣಿ ಬೇಕು. ಬಡಗಿ ಮಾರ್ತಿನ್ ಲೋಪೆಸ್‌ನ ಉಸ್ತುವಾರಿಯಲ್ಲಿ ಹದಿಮೂರು ಯುದ್ಧದೋಣಿಗಳು ತಯಾರಾದದ್ದು ತ್ಲಾಸ್ಕಾಲದಲ್ಲಿ. ಮರ ಮತ್ಲಾಲ್ಕ್ವೆಯೆ ಬೆಟ್ಟದ್ದು. ಕಬ್ಬಿಣ ಮತ್ತು ಹಗ್ಗ, ಕೊರ್ತೆಸ್ ಕರಾವಳಿಯಲ್ಲಿ ಮುಳುಗಿಸಿದ್ದ ಹಡಗುಗಳದ್ದು. ಸಾವಾಪಾನ್ ನದಿಗೆ ಕಟ್ಟೆ ಕಟ್ಟಿ ದೋಣಿ ತೇಲಿಸಿ ನೋಡಿದರು. ಆಮೇಲೆ ಬಿಚ್ಚಿ, ಹಲಗೆ ಹಲಗೆಯಾಗಿ ಹೆಗಲ ಮೇಲೆ ಹೊತ್ತು ಪರ್ವತ ದಾಟಿಸಿ ತೆಸ್ಕೊಕೊಕ್ಕೆ ಒಯ್ದರು. ಹೊತ್ತವರು ಎಂಟು ಸಾವಿರ ಎಂದು ಕೊರ್ತೆಸ್ ಬರೆದಿದ್ದಾನೆ. 1521ರ ಏಪ್ರಿಲ್ 28ರಂದು ದೋಣಿಗಳು ನೀರಿಗಿಳಿದವು.

ಅಷ್ಟರಲ್ಲಿ ಸಿಡುಬು ತನ್ನ ಕೆಲಸ ಮಾಡಿತ್ತು. ನರ್ವಾಯೆಸ್‌ನ ಪಡೆಯ ಜೊತೆ ಬಂದ ಈ ರೋಗಕ್ಕೆ ಪಕ್ಷ ಪಂಗಡ ಇರಲಿಲ್ಲ. ಕ್ವಿತ್ಲಾವಾಕ್ ಎಂಬತ್ತು ದಿನ ಆಳಿ ಸತ್ತ. ಇತ್ತ ಮಶಿಶ್ಕಾತ್ಸಿನ್ ಕೂಡ ಸತ್ತ. ಒಪ್ಪಂದದ ಮಾತುಗಳಿಗೆ ದೊಡ್ಡ ಸಾಕ್ಷಿಯಾಗಬೇಕಿದ್ದವನು ಅವನು. ಕಾಗದದ ಮೇಲೆ ಏನೂ ಇರಲಿಲ್ಲ. ತ್ಲಾಸ್ಕಾಲದವರು ಇದರ ಬೆಲೆ ಮುಂದೆ ತೆತ್ತರು.

ಮುತ್ತಿಗೆಗೆ ಹೊರಡುವ ಹೊತ್ತಿಗೆ ಕಿರಿಯ ಶಿಕೊತೆನ್‌ಕಾತ್ಲ್ ಪಾಳೆಯ ಬಿಟ್ಟು ಊರಿಗೆ ಹೊರಟ. ಕಾರಣ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊರ್ತೆಸ್ ಹಿಡಿಸಿ ಗಲ್ಲಿಗೇರಿಸಿದ. ತ್ಲಾಸ್ಕಾಲದ ಒಡೆಯರು ತಡೆಯಲಿಲ್ಲ.

ಮೇ ತಿಂಗಳಿಂದ ಆಗಸ್ಟ್ 13ರವರೆಗೆ ಮುತ್ತಿಗೆ ನಡೆಯಿತು. ಚಪುಲ್ತೆಪೆಕ್‌ನಿಂದ ಬರುತ್ತಿದ್ದ ಕುಡಿಯುವ ನೀರಿನ ಕಾಲುವೆ ಒಡೆದರು. ಮನೆ ಮನೆ ಕೆಡವಿ, ಆ ಮಣ್ಣಿನಿಂದ ಕಾಲುವೆ ಮುಚ್ಚಿ ಮುಂದುವರಿದರು. ಕೊನೆಯ ದೊರೆ ಕ್ವಾವ್ತೆಮೊಕ್ ಸೆರೆಯಾದ. ಕೊನೆಯ ದಿನಗಳಲ್ಲಿ ನಡೆದ ಕೊಲೆಗಳಲ್ಲಿ ತ್ಲಾಸ್ಕಾಲದವರ ಕೈ ಜೋರಾಗಿತ್ತು ಎಂದು ಕೊರ್ತೆಸ್ ದೂರುತ್ತಾನೆ. ಅವನ ಬಾಯಿಂದ ಈ ಮಾತು ಬಂದರೆ ನಗಬೇಕೋ ಅಳಬೇಕೋ. ಆದರೂ ತಳ್ಳಿಹಾಕುವ ಹಾಗಿಲ್ಲ. ತಲೆಮಾರುಗಳ ಸೇಡು ಅದು.

ಗೆದ್ದ ಮೇಲೆ ಅರ್ಜಿ

ಕೇಳಿದ್ದರಲ್ಲಿ ಎಷ್ಟು ಸಿಕ್ಕಿತು? ಚೊಲೂಲ, ವೆಶೊತ್ಸಿಂಕೊ, ತೆಪೆಯಾಕಾಕ್ ಸಿಗಲಿಲ್ಲ. ಕೋಟೆ ಸಿಗಲಿಲ್ಲ. ಕಪ್ಪದಿಂದ ಪೂರ್ತಿ ಬಿಡುಗಡೆಯೂ ಇಲ್ಲ. ವರ್ಷಕ್ಕೆ ಎಂಟು ಸಾವಿರ ಫನೇಗ ಅಳತೆಯ ಜೋಳ ಕೊಡಬೇಕಾಯಿತು. ಆದರೆ ಸಿಕ್ಕಿದ್ದೂ ಕಡಿಮೆಯಲ್ಲ. ಬೇರೆ ಊರುಗಳನ್ನು ಜನರ ಸಮೇತ ಒಬ್ಬೊಬ್ಬ ಸ್ಪೇನಿನವನಿಗೆ ಹಂಚಿಬಿಟ್ಟಿದ್ದರು. ತ್ಲಾಸ್ಕಾಲ ನೇರವಾಗಿ ರಾಜನ ಅಧೀನದಲ್ಲಿ ಉಳಿಯಿತು. ಒಡೆಯರ ನಿಯೋಗ ಸಮುದ್ರ ದಾಟಿ ಸ್ಪೇನಿಗೇ ಹೋಯಿತು. 1535ರಲ್ಲಿ ‘ನಿಷ್ಠಾವಂತ ನಗರ’ ಎಂಬ ಬಿರುದು, ಲಾಂಛನ ಎಲ್ಲ ಬಂತು. ಆಡಳಿತಕ್ಕೆ ಸ್ಥಳೀಯರದ್ದೇ ನಗರಸಭೆ. ನಾಲ್ಕು ಸಂಸ್ಥಾನಗಳು ಸರದಿಯ ಮೇಲೆ ಅಧಿಕಾರ ಹಂಚಿಕೊಂಡವು. ಸಭೆಯ ನಡಾವಳಿಯನ್ನು ಲ್ಯಾಟಿನ್ ಅಕ್ಷರದಲ್ಲಿ, ಆದರೆ ತಮ್ಮ ನಾವಾತ್ಲ್ ಭಾಷೆಯಲ್ಲೇ ಬರೆದಿಟ್ಟರು. ಅದರ ಒಂದು ಭಾಗ ಇವತ್ತಿಗೂ ಉಳಿದಿದೆ.

ಆ ನಡಾವಳಿಯಲ್ಲಿ 1553ರ ಒಂದು ದೂರು ನನಗೆ ಬಹಳ ಇಷ್ಟ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಹುಳುವಿನಿಂದ ಕಡುಕೆಂಪು ಬಣ್ಣ ತೆಗೆಯುತ್ತಾರೆ. ಯುರೋಪಿನಲ್ಲಿ ಅದಕ್ಕೆ ಭಾರಿ ಬೆಲೆ ಬಂತು. (ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಬೆಳೆದ ಪಾಪಾಸುಕಳ್ಳಿಯ ಮೂಲವೂ ಅಮೆರಿಕವೇ.) ತ್ಲಾಸ್ಕಾಲದ ಸಾಮಾನ್ಯ ಜನ ಜೋಳ ಬಿಟ್ಟು ಕಳ್ಳಿ ನೆಟ್ಟು ನಾಲ್ಕು ಕಾಸು ನೋಡಿದರು. ನಗರಸಭೆಯ ದೊಡ್ಡ ಮನುಷ್ಯರಿಗೆ ತಡೆಯಲಾಗಲಿಲ್ಲ. ಎಲ್ಲರೂ ಹುಳು ಸಾಕುತ್ತಾರೆ, ಹೊಲ ಪಾಳು ಬಿದ್ದಿದೆ, ಕುಡಿಯುತ್ತಾರೆ, ಕೋಕೊ ಕೊಂಡು ಮೆರೆಯುತ್ತಾರೆ, ದೊಡ್ಡವರಿಗೆ ಮರ್ಯಾದೆ ಕೊಡುವುದಿಲ್ಲ ಎಂದು ಗೋಳಾಡಿದರು. ಸಾಮ್ರಾಜ್ಯ ಬಿದ್ದು ಮೂವತ್ತೆರಡು ವರ್ಷ. ಮಾತು ಮಾತ್ರ ಎಲ್ಲ ಕಾಲದ ಯಜಮಾನರ ಮಾತು.

ಇದರ ಹಿಂದಿನ ವರ್ಷ, 1552ರಲ್ಲಿ, ಅದೇ ಸಭೆ ಇನ್ನೊಂದು ತೀರ್ಮಾನ ಮಾಡಿತ್ತು. ಯುದ್ಧದಲ್ಲಿ ನಾವು ಮಾಡಿದ ಸಹಾಯವನ್ನು ಚಿತ್ರ ಬರೆಸಿ ಚಕ್ರವರ್ತಿಗೆ ತೋರಿಸಬೇಕು. ಹಾಗೆ ಹುಟ್ಟಿದ್ದು ‘ತ್ಲಾಸ್ಕಾಲದ ಲಿಯೆನ್ಸೊ’, ದೊಡ್ಡ ಬಟ್ಟೆಯ ಮೇಲೆ ಎಂಬತ್ತಕ್ಕೂ ಹೆಚ್ಚು ಚೌಕದ ಚಿತ್ರಗಳು. ಮೂಲ 19ನೇ ಶತಮಾನದಲ್ಲಿ ಕಳೆದುಹೋಯಿತು. ನಕಲುಗಳು ಉಳಿದಿವೆ. ಅದರಲ್ಲಿ ಚೌಕದಿಂದ ಚೌಕಕ್ಕೆ ತ್ಲಾಸ್ಕಾಲದ ಯೋಧ ಗರಿಯ ಕಿರೀಟ ತೊಟ್ಟು ಸ್ಪೇನಿನ ಕುದುರೆ ಸವಾರನ ಪಕ್ಕದಲ್ಲಿ ಕಾದಾಡುತ್ತಾನೆ. ಮಲಿಂತ್ಸಿನ್ ಎಲ್ಲ ಕಡೆ ಎದ್ದು ಕಾಣುತ್ತಾಳೆ.

ಕಾಣದೇ ಇರುವುದನ್ನೂ ನೋಡಬೇಕು. 1519ರ ಸೆಪ್ಟೆಂಬರ್‌ನ ಕಾಳಗಗಳು ಆ ಬಟ್ಟೆಯಲ್ಲಿ ಇಲ್ಲ. ಮೊದಲ ಘರ್ಷಣೆ ನಡೆದ ತೆಕೊಆಕ್‌ನ ಚೌಕದಲ್ಲಿ ಊಟ, ಉಡುಗೊರೆ, ಸ್ವಾಗತ! ಕಿರಿಯ ಶಿಕೊತೆನ್‌ಕಾತ್ಲ್‌ನ ಗಲ್ಲು ಇಲ್ಲ. ಮೊದಲ ದಿನದಿಂದಲೂ ನಾವು ನಿಮ್ಮವರೇ ಎಂದು ರಾಜನಿಗೆ ಹೇಳಬೇಕಿತ್ತು. ಅದಕ್ಕೆ ತಮ್ಮ ಅತ್ಯಂತ ಧೈರ್ಯದ ಎರಡು ವಾರಗಳನ್ನು ತಾವೇ ಅಳಿಸಿದರು.

ಈ ಅಳಿಸಾಟ ಪಕ್ಕದ ವೆಶೊತ್ಸಿಂಕೊದವರ ಕಣ್ಣು ತಪ್ಪಲಿಲ್ಲ. 1560ರಲ್ಲಿ ಅವರು ರಾಜ ಎರಡನೇ ಫಿಲಿಪ್‌ಗೆ ಪತ್ರ ಬರೆದರು, ನಾವಾತ್ಲ್‌ನಲ್ಲಿ. ತ್ಲಾಸ್ಕಾಲದವರು ನಿಮ್ಮ ಜೊತೆ ಯುದ್ಧ ಮಾಡಿದವರು. ನಾವು ಒಂದು ಬಾಣವನ್ನೂ ಬಿಡಲಿಲ್ಲ, ಊಟ ಕೊಟ್ಟೆವು, ಗಾಯಗೊಂಡವರನ್ನು ಹೊತ್ತೆವು. ಅವರಿಗೆ ಮಾತ್ರ ರಿಯಾಯಿತಿ, ನಮಗೆ ಯಾಕೆ ಇಷ್ಟು ಕಪ್ಪ? ಪತ್ರದ ತಿರುಳು ಇದು. ಯಾರು ಹೆಚ್ಚು ನಿಷ್ಠರು ಎಂಬ ಪೈಪೋಟಿ ಊರಿಂದ ಊರಿಗೆ ಹಬ್ಬಿತ್ತು. ಅಲ್ವಾರಾದೊ ಜೊತೆ 1524ರಲ್ಲಿ ಗ್ವಾಟೆಮಾಲಾ ಗೆಲ್ಲಲು ಹೋಗಿ ಅಲ್ಲೇ ನೆಲೆಸಿದ ತ್ಲಾಸ್ಕಾಲದವರದ್ದೂ ಇದೇ ಪಾಡು. ಅವರ ಮೇಲೂ ಕಪ್ಪ ಬಿತ್ತು. ಅವರೂ ಕೋರ್ಟು ಹತ್ತಿದರು.

ತ್ಲಾಸ್ಕಾಲದೊಳಗಿನ ಕತೆಯೂ ಹೂವಿನ ಹಾಸಿಗೆಯಲ್ಲ. 1527ರ ಸುಮಾರಿಗೆ ಹಳೆಯ ದೇವರುಗಳನ್ನು ಬಿಡದ ಕೆಲವು ಒಡೆಯರನ್ನು ನೇಣು ಹಾಕಿದರು. ಅಕ್ಶೊತೆಕಾತ್ಲ್ ಎಂಬ ಒಡೆಯ ಕ್ರೈಸ್ತನಾದ ತನ್ನ ಮಗ ಕ್ರಿಸ್ತೊಬಾಲ್‌ನನ್ನೇ ಹೊಡೆದು ಸುಟ್ಟು ಕೊಂದ. ಹುಡುಗ ವಿಗ್ರಹಗಳನ್ನು ಒಡೆಯುತ್ತಿದ್ದ. ಮಠದಲ್ಲಿ ಸನ್ಯಾಸಿಗಳು ಆ ಮಕ್ಕಳಿಗೆ ಕಲಿಸಿದ್ದೇ ಅದನ್ನು. ಅಪ್ಪನಿಗೆ ಸ್ಪೇನಿನವರು ಮರಣದಂಡನೆ ಕೊಟ್ಟರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಆ ಹುಡುಗನನ್ನೂ, ಹಾಗೇ ಸತ್ತ ಇನ್ನಿಬ್ಬರು ಹುಡುಗರನ್ನೂ ಸಂತರೆಂದು ಘೋಷಿಸಿದರು. ಆ ಮನೆಯಲ್ಲಿ ಏನಾಗಿರಬಹುದು ಎಂದು ಯೋಚಿಸಿದರೆ ನನಗೆ ಅಪ್ಪನನ್ನೂ ಮಗನನ್ನೂ ಸರಿ ತಪ್ಪು ಎಂದು ವಿಂಗಡಿಸಲು ಮನಸ್ಸು ಬರುವುದಿಲ್ಲ. ಇದರ ಜೊತೆಗೆ 1545 ಮತ್ತು 1576ರ ದೊಡ್ಡ ಪಿಡುಗುಗಳು ಬಂದವು. ರಾಜನ ರಿಯಾಯಿತಿಯ ಪತ್ರ ರೋಗಕ್ಕೆ ಅಡ್ಡ ಬರಲಿಲ್ಲ.

1591ರಲ್ಲಿ ಇನ್ನೊಂದು ಬೇಡಿಕೆ ಬಂತು. ಉತ್ತರದ ಬರಡು ಗಡಿಯಲ್ಲಿ ಚಿಚಿಮೆಕ ಜನರನ್ನು ಸ್ಪೇನಿನವರಿಗೆ ಹತೋಟಿಗೆ ತರಲಾಗಿರಲಿಲ್ಲ. ಅಲ್ಲಿ ನೆಲೆಸಲು ತ್ಲಾಸ್ಕಾಲದಿಂದ 400 ಕುಟುಂಬ ಕೊಡಿ ಎಂದ ವೈಸ್‌ರಾಯ್. ಈ ಸಲ ತ್ಲಾಸ್ಕಾಲದವರು ಬಾಯಿಮಾತು ನಂಬಲಿಲ್ಲ. ಹೊರಡುವ ಮೊದಲೇ ಎಲ್ಲವನ್ನೂ ಬರೆಸಿಕೊಂಡರು: ಮೇಲ್ವರ್ಗದ ಸ್ಥಾನಮಾನ, ಕುದುರೆ ಏರುವ ಮತ್ತು ಆಯುಧ ಹಿಡಿಯುವ ಹಕ್ಕು, ತೆರಿಗೆ ವಿನಾಯಿತಿ, ಸ್ಪೇನಿನವರಿಂದ ಬೇರೆಯಾದ ತಮ್ಮದೇ ಊರು. ಇವತ್ತಿನ ಸಾಲ್ಟಿಯೊ ನಗರದ ಒಂದು ಭಾಗ ಹಾಗೆ ಹುಟ್ಟಿದ ಸಾನ್ ಎಸ್ತೆಬಾನ್. ಆ ನಗರದ ಹೆಸರಾಂತ ಸರಾಪೆ ಕಂಬಳಿಯ ನೇಯ್ಗೆಯನ್ನು ಈ ವಲಸಿಗರ ಜೊತೆಗೇ ಸೇರಿಸಿ ಹೇಳುತ್ತಾರೆ.

ದ್ರೋಹಿ ಎಂಬ ಹೆಸರು

ಮುನ್ನೂರು ವರ್ಷ ತ್ಲಾಸ್ಕಾಲವನ್ನು ಕಾಪಾಡಿದ್ದು ಆ ನಿಷ್ಠೆಯ ಕತೆ. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಯಿತು. ಕೇಳಲು ಈಗ ಸ್ಪೇನಿನ ರಾಜ ಇಲ್ಲ. ಹೊಸ ದೇಶಕ್ಕೆ ಹೊಸ ವೀರರು ಬೇಕಾದರು. 1887ರಲ್ಲಿ ಮೆಕ್ಸಿಕೊ ಸಿಟಿಯ ದೊಡ್ಡ ರಸ್ತೆಯಲ್ಲಿ ಕ್ವಾವ್ತೆಮೊಕ್‌ನ ಪ್ರತಿಮೆ ನಿಂತಿತು. ಅವನು ದೇಶಭಕ್ತನಾದರೆ ಅವನ ವಿರುದ್ಧ ಕಾದಿದವರು ದೇಶದ್ರೋಹಿಗಳಾಗಲೇಬೇಕಲ್ಲ. ಸಾಕ್ಷ್ಯ ಎಲ್ಲಿ ಎಂದು ಹುಡುಕುವ ಕಷ್ಟವೂ ಇರಲಿಲ್ಲ. ಎಂಬತ್ತಕ್ಕೂ ಹೆಚ್ಚು ಚೌಕಗಳಲ್ಲಿ ತ್ಲಾಸ್ಕಾಲದವರೇ ಬರೆಸಿಟ್ಟಿದ್ದರು. 1892ರಲ್ಲಿ ಅದು ಅಚ್ಚೂ ಆಯಿತು.

1519ರಲ್ಲಿ ಮೆಕ್ಸಿಕೊ ಎಂಬ ದೇಶವೇ ಇರಲಿಲ್ಲ. ‘ಇಂಡಿಯನ್’ ಎಂಬ ಒಂದೇ ಜನಾಂಗವೂ ಇರಲಿಲ್ಲ. ಇಲ್ಲದ ದೇಶಕ್ಕೆ ದ್ರೋಹ ಮಾಡುವುದು ಹೇಗೆ? ಮಲಿಂತ್ಸಿನ್ ಕತೆಯೂ ಇದೇ. ತನ್ನನ್ನು ಮಾರಿದ ಜನಕ್ಕೆ ಅವಳು ಯಾವ ಋಣದಲ್ಲಿದ್ದಳು? ಆದರೂ ಪರದೇಶದ್ದನ್ನು ಮೆಚ್ಚಿ ಸ್ವಂತದ್ದನ್ನು ಹೀಗಳೆಯುವ ಬುದ್ಧಿಗೆ ಮೆಕ್ಸಿಕೊದಲ್ಲಿ ಅವಳ ಹೆಸರನ್ನೇ ಇಟ್ಟು ‘ಮಲಿಂಚಿಸ್ಮೊ’ ಎಂದು ಬೈಯುತ್ತಾರೆ. ತ್ಲಾಸ್ಕಾಲದಲ್ಲಿ ಹಾಗಲ್ಲ. ದೋಣಿಗೆ ಮರ ಕೊಟ್ಟ 4,461 ಮೀಟರ್ ಎತ್ತರದ ಆ ಮತ್ಲಾಲ್ಕ್ವೆಯೆ ಬೆಟ್ಟವನ್ನು ಜನ ಈಗ ‘ಲಾ ಮಲಿಂಚೆ’ ಎಂದೇ ಕರೆಯುತ್ತಾರೆ. ಅದರ ತಪ್ಪಲಿನ ಹಳ್ಳಿಗಳಲ್ಲಿ ನಾವಾತ್ಲ್ ಇನ್ನೂ ಕಿವಿಗೆ ಬೀಳುತ್ತದೆ.

ಐನೂರನೇ ವರ್ಷ ಬಂದಾಗ ಈ ಜಗಳ ಮತ್ತೆ ಮೇಲೆದ್ದಿತು. 2019ರಲ್ಲಿ ಮೆಕ್ಸಿಕೊದ ಅಧ್ಯಕ್ಷರು ಸ್ಪೇನಿನ ರಾಜನಿಗೆ ಪತ್ರ ಬರೆದು ಕ್ಷಮೆ ಕೇಳಲು ಒತ್ತಾಯಿಸಿದರು. ಸ್ಪೇನ್ ಒಪ್ಪಲಿಲ್ಲ. 2021ರಲ್ಲಿ ಮೆಕ್ಸಿಕೊ ಸಿಟಿಯ ‘ದುಃಖದ ರಾತ್ರಿ’ ಚೌಕಕ್ಕೆ ‘ವಿಜಯದ ರಾತ್ರಿ’ ಎಂದು ಹೆಸರು ಬದಲಾಯಿತು. 1520ರ ಜೂನ್ 30ರ ಆ ರಾತ್ರಿಯೇ. ದುಃಖ ಸ್ಪೇನಿನವರದು, ವಿಜಯ ಮೆಶಿಕರದು. ಆ ರಾತ್ರಿ ನೀರಿನಲ್ಲಿ ಸತ್ತ ತ್ಲಾಸ್ಕಾಲದವರಿಗೆ ಎರಡೂ ಹೆಸರಿನಲ್ಲಿ ಜಾಗ ಇಲ್ಲ.

ತ್ಲಾಸ್ಕಾಲ ಇವತ್ತು ಮೆಕ್ಸಿಕೊದ ಅತಿ ಚಿಕ್ಕ ರಾಜ್ಯ. ಪಕ್ಕದ ಪುವೆಬ್ಲಾ ಅದನ್ನು ನುಂಗಲು ನೋಡಿದರೂ ಉಳಿದುಕೊಂಡಿತು. 1857ರಲ್ಲಿ ರಾಜ್ಯದ ಸ್ಥಾನ ಪಡೆಯಿತು. ರಾಜಧಾನಿಯ ಸರ್ಕಾರಿ ಭವನದ ಗೋಡೆಗಳ ಮೇಲೆ ಚಿತ್ರಕಾರ ದೆಸಿದೇರಿಯೊ ಎರ್ನಾಂದೆಸ್ ಶೊಚಿತಿಯೊತ್ಸಿನ್ 1957ರಿಂದ ದಶಕಗಳ ಕಾಲ ತಮ್ಮ ನಾಡಿನ ಇತಿಹಾಸವನ್ನು ಬಿಡಿಸಿದರು. ಹತ್ತಿರದ ಚೌಕದಲ್ಲಿ ಒಬ್ಬ ಯೋಧನ ಪ್ರತಿಮೆ ಇದೆ. ಅದು ಕೊರ್ತೆಸ್‌ಗೆ ಕೈ ಕೊಟ್ಟ ಮಶಿಶ್ಕಾತ್ಸಿನ್‌ನದಲ್ಲ, ಬಟ್ಟೆಯ ಚಿತ್ರದಿಂದ ಅಳಿಸಿಹೋದ ಕಿರಿಯ ಶಿಕೊತೆನ್‌ಕಾತ್ಲ್‌ನದು. ಊರಿನ ಅಧಿಕೃತ ಹೆಸರೂ ಈಗ ‘ತ್ಲಾಸ್ಕಾಲ ದೆ ಶಿಕೊತೆನ್‌ಕಾತ್ಲ್’.